ಪಠ್ಯದ ಹೊರಗೆ ಇಟ್ಟದ್ದು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಈಗ ಅವಳೂ ಪ್ರೌಢಶಾಲಾ ಶಿಕ್ಷಕಿ. "ಸರ್, ಹತ್ತನೆಯ ತರಗತಿಯ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಿ ಎಂದು ಪೋಷಕರು ಕೇಳುತ್ತಿದ್ದಾರೆ, ಏನು ಮಾಡಲಿ?" ಎಂದಳು. ಉತ್ತರಿಸುವ ಮುನ್ನ ಅವಳಿಗೆ ಸ್ವಲ್ಪ ಇತಿಹಾಸವನ್ನೂ ನನ್ನದೊಂದು ತಪ್ಪನ್ನೂ ಹೇಳಬೇಕಾಯಿತು.

ತರಗತಿಯ ಹೊರಗೂ ಶಿಕ್ಷಣವಿದೆಯೆಂಬ ವಿಚಾರ ನಮ್ಮಲ್ಲಿ ಹೊಸದಲ್ಲ. ಬೇಡನ್ ಪೊವೆಲ್ಲರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಪ್ರಥಮ ಶಿಬಿರ ನಡೆಸಿದರು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಆದರೆ ಆಗ ಅದಕ್ಕೆ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಅವರಿಗಾಗಿ ಆನಿ ಬೆಸೆಂಟ್ ಮೊದಲಾದವರು ಬೇರೆ ಸಂಸ್ಥೆಗಳನ್ನು ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಸ್ಥೆಗಳು ಕೂಡಿ 'ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್' ಆಯಿತು. ಹೃದಯನಾಥ ಕುಂಜ್ರೂ ಸಮಿತಿಯ ಶಿಫಾರಸಿನ ಫಲವಾಗಿ ಎನ್.ಸಿ.ಸಿ. ಅದಕ್ಕೂ ಮೊದಲೇ, 1948ರಲ್ಲಿ, ಜನ್ಮ ತಾಳಿತ್ತು.

ಇವೆಲ್ಲಕ್ಕೂ ಶಾಲೆಯೊಳಗೆ ಅಧಿಕೃತ ಸ್ಥಾನ ಕೇಳಿದ್ದು 1952ರಲ್ಲಿ ನೇಮಕಗೊಂಡ, ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ. ಪಠ್ಯೇತರ ಚಟುವಟಿಕೆಗಳು ಶಿಕ್ಷಣದ ಅವಿಭಾಜ್ಯ ಅಂಗವಾಗಬೇಕು, ಎಲ್ಲ ಶಿಕ್ಷಕರೂ ಅವುಗಳಿಗೆ ನಿಶ್ಚಿತ ಸಮಯ ಮೀಸಲಿಡಬೇಕು ಎಂದು ಅದು 1953ರ ವರದಿಯಲ್ಲಿ ಹೇಳಿತು. 'ಎಲ್ಲ ಶಿಕ್ಷಕರೂ' ಎಂಬುದನ್ನು ಗಮನಿಸಿ. ಅದು ವ್ಯಾಯಾಮ ಶಿಕ್ಷಕರೊಬ್ಬರ ಹೊಣೆಯಲ್ಲ. ಬಿ.ಎಡ್. ಪರೀಕ್ಷೆಯಲ್ಲಿ ಈ ಶಿಫಾರಸುಗಳನ್ನು ಕಂಠಪಾಠ ಮಾಡಿ ಬರೆದು ಒಳ್ಳೆಯ ಅಂಕ ಪಡೆದವನು ನಾನು. ಶಾಲೆಗೆ ಸೇರಿದ ಮೇಲೆ ಮರೆತುಬಿಟ್ಟೆ.

1986-87ನೆಯ ಸಾಲು. ನಮ್ಮ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗನೊಬ್ಬನಿದ್ದ. ಭಿನ್ನರಾಶಿ ಕೂಡಿಸುವಾಗ ತಪ್ಪದೆ ತಪ್ಪುತ್ತಿದ್ದವನು ತಾಳದ ಲೆಕ್ಕದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವನು ಮೂರು ವಿಷಯಗಳಲ್ಲಿ ಅನುತ್ತೀರ್ಣನಾದ. ಎಸ್.ಎಸ್.ಎಲ್.ಸಿ. ಫಲಿತಾಂಶದ ಚಿಂತೆಯಲ್ಲಿದ್ದ ನಾನು ಅವನನ್ನು ಬ್ಯಾಂಡಿನಿಂದ ಬಿಡಿಸಿ ಸಂಜೆಯ ವಿಶೇಷ ತರಗತಿಗೆ ಹಾಕಿದೆ. ನನಗೆ ಹಾಗೆಂದು ಯಾರೂ ಆದೇಶಿಸಿರಲಿಲ್ಲ. ಹುಡುಗನ ಒಳಿತಿಗೇ ಎಂದು ನಂಬಿದ್ದೆ.

ಹತ್ತು ದಿನ ಬಂದ, ಆಮೇಲೆ ಬರಲಿಲ್ಲ. ಮನೆಗೆ ಹೋದೆ. ಅವನ ತಾಯಿ ಚಾಪೆ ಹಾಸಿ ಕೂರಿಸಿ, "ಡ್ರಮ್ಮು ಬಿಡಿಸಿದ್ರಂತಲ್ಲ ಮೇಷ್ಟ್ರೇ, ಇನ್ಯಾಕೆ ಹೋಗ್ಲಿ ಅಂತಾನೆ" ಎಂದರು. ಹುಡುಗ ಹಿತ್ತಲಿನಿಂದ ಈಚೆಗೆ ಬರಲೇ ಇಲ್ಲ. ಬ್ಯಾಂಡಿಗೆ ಮರಳಿ ಸೇರಿಸುತ್ತೇನೆಂದು ಹೇಳಿಕಳುಹಿಸಿದರೂ ಪ್ರಯೋಜನವಾಗಲಿಲ್ಲ. ಆ ಜನವರಿ 26ರಂದು ಅವನ ಡ್ರಮ್ ಬೀರುವಿನ ಮೇಲೆಯೇ ಉಳಿಯಿತು.

ಓದುವ ಸಮಯವನ್ನು ಡ್ರಮ್ ಕದಿಯುತ್ತಿದೆಯೆಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ ಅವನನ್ನು ದಿನವೂ ಶಾಲೆಯವರೆಗೆ, ನನ್ನ ಪಾಠದವರೆಗೆ ಕರೆತರುತ್ತಿದ್ದುದೇ ಅದು. ಚಟುವಟಿಕೆಗಳಿಂದ ಶಿಸ್ತು, ನಾಯಕತ್ವ, ಆರೋಗ್ಯ ಬರುತ್ತವೆಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ, ಅದು ಸುಳ್ಳಲ್ಲ. ಆದರೆ ಕೆಲವು ಮಕ್ಕಳಿಗೆ, "ಇದು ನನ್ನ ಶಾಲೆ" ಎನ್ನಲು ಇರುವ ಕಾರಣ ಅದೊಂದೇ.

ಪಠ್ಯ ಮತ್ತು ಪಠ್ಯೇತರಗಳ ನಡುವೆ ಕಟ್ಟುನಿಟ್ಟಿನ ಗೋಡೆ ಬೇಡವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. 1953ರಿಂದ ಲೆಕ್ಕ ಹಾಕಿದರೆ 67 ವರ್ಷಗಳ ನಂತರ ಮತ್ತೆ ಅದೇ ಮಾತು. ವರದಿಗಳು ದೆಹಲಿಯಲ್ಲಿ ಸಿದ್ಧವಾಗುತ್ತವೆ. ಆಟದ ಅವಧಿ ಉಳಿಯುವುದೂ ಅಳಿಯುವುದೂ ವೇಳಾಪಟ್ಟಿ ಬರೆಯುವವರ ಕೈಯಲ್ಲಿದೆ. ಆದ್ದರಿಂದಲೇ ನನ್ನ ಶಿಷ್ಯೆಗೆ, "ಬಿಟ್ಟುಕೊಡಬೇಡಮ್ಮಾ" ಎಂದೆ.

ಆ ಸಾಲಿನ ನಿಮ್ಮಲ್ಲಿ ಯಾರಿಗಾದರೂ ಆ ಹುಡುಗ ಈಗ ಎಲ್ಲಿದ್ದಾನೆಂದು ತಿಳಿದಿದ್ದರೆ, ಮೇಷ್ಟ್ರು ಕೇಳಿದರೆಂದು ಅವನಿಗೆ ತಿಳಿಸಿ.