ಮನವಿಯೂ ವಿಚಾರವೂ

ಮಂಗಳೂರು ಎಂದೊಡನೆ ಕೇಳುವವರ ಕಣ್ಣ ಮುಂದೆ ಕಡಲು ಸುಳಿಯುತ್ತದೆ. ನಾನು ಹೇಳಹೊರಟ ಮಂಗಳೂರಿಗೆ ಕಡಲಿಲ್ಲ. ಅದು ಕೊಪ್ಪಳ ಜಿಲ್ಲೆಯ ಯಲಬುರ್ಗಾ–ಕುಕನೂರು ಸೀಮೆಯ ಬಯಲಿನ ಊರು. ನಮ್ಮ ಕಡೆಯ ಇಂಥ ಊರುಗಳಲ್ಲಿ ಹಿರಿಯರು ಒಂದು ವಿಷಯವನ್ನು ತೀರ್ಮಾನಿಸಲು ಕುಳಿತರೆ 'ದೈವ ಕೂಡಿತು' ಎನ್ನುತ್ತಾರೆ. ಕೂಡಿದ ಜನವನ್ನೇ ದೈವವೆಂದು ಕರೆದ ಈ ಮಾತು ದೊಡ್ಡದು. ಆದರೆ ಆ ದೈವದಲ್ಲಿ ಹೆಣ್ಣುಮಕ್ಕಳಿಗೂ ದಲಿತ ಕೇರಿಯವರಿಗೂ ಬಾಯಿರಲಿಲ್ಲ. ಎಲ್ಲರಿಗೂ ಬಾಯಿ ಕೊಟ್ಟದ್ದು ನಮ್ಮ ಸಂವಿಧಾನ. ಬಾಯಿ ಬಂದ ಮೇಲೆ ನಾವು ಆಡಿದ್ದೇನು ಎಂಬುದನ್ನು ಇತಿಹಾಸದ ಒಂದು ಪ್ರಸಂಗದಿಂದ ನೋಡೋಣ.

ಈ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ 'ಗಶ್ತಿ ನಿಶಾನ್ 53' ಎಂಬ ಆಜ್ಞೆಯಿಂದಾಗಿ ಸಾರ್ವಜನಿಕ ಸಭೆ ನಡೆಸಲು ಮುಂಚಿತವಾಗಿ ಅಪ್ಪಣೆ ಪಡೆಯಬೇಕಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಮುಂಡರಗಿ ಶಿಬಿರದಿಂದ ಹೋರಾಟ ನಡೆಸಿದ್ದ ಅಳವಂಡಿ ಶಿವಮೂರ್ತಿ ಸ್ವಾಮಿಗಳನ್ನು 1952ರ ಮೊದಲ ಮಹಾಚುನಾವಣೆಯಲ್ಲಿ ಕುಷ್ಟಗಿ ಕ್ಷೇತ್ರದ ಮತದಾರರು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು. 1953ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. ಕೂಡುವುದಕ್ಕೇ ಅಪ್ಪಣೆ ಬೇಡುತ್ತಿದ್ದ ಜನರನ್ನು ಐದೇ ವರ್ಷಗಳಲ್ಲಿ 'ನೀವು ಯಾವ ರಾಜ್ಯದಲ್ಲಿ ಬಾಳಬಯಸುತ್ತೀರಿ?' ಎಂದು ದೇಶವೇ ಕೇಳಿತು!

ಆಯೋಗ 104 ಸ್ಥಳಗಳಲ್ಲಿ ಸಂಚರಿಸಿ, ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕಂಡು ಮಾತನಾಡಿಸಿತು. ದೇಶದ ಮೂಲೆಮೂಲೆಗಳಿಂದ ಅದಕ್ಕೆ ಬಂದ ಪತ್ರಗಳ ಸಂಖ್ಯೆ 1,52,250. ಆದರೆ 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗ ಇನ್ನೊಂದು ಲೆಕ್ಕವನ್ನೂ ಕೊಟ್ಟಿದೆ. ಅವುಗಳಲ್ಲಿ ಚೆನ್ನಾಗಿ ಆಲೋಚಿಸಿ ಬರೆದ ಮನವಿಗಳು ಸುಮಾರು 2,000ವನ್ನು ಮೀರವು. ಉಳಿದವುಗಳಲ್ಲಿ ಬಹಳಷ್ಟು, ಇಂಥ ಪ್ರದೇಶ ಇಂಥ ರಾಜ್ಯಕ್ಕೆ ಸೇರಲಿ ಎಂಬ ಬರಿಯ ನಿರ್ಣಯಗಳು. ನೂರಕ್ಕೆ ಒಂದೂವರೆಯೂ ಆಗದ ಈ ಪ್ರಮಾಣವನ್ನು ಓದಿದಾಗ ನನಗೆ ವಿಷಾದವೂ ಆಯಿತು, ಧೈರ್ಯವೂ ಬಂತು. ಸದ್ದು ಲಕ್ಷದ್ದಾದರೂ ಕಾರಣಗಳನ್ನು ತೂಗಿದವರು ಕೆಲವರೇ ಎಂಬುದು ವಿಷಾದ. ಆ ಕೆಲವರ ಕಾಗದಗಳನ್ನು ಬೇರ್ಪಡಿಸಿ ಎಣಿಸಿದವರು ಇದ್ದರಲ್ಲ ಎಂಬುದು ಧೈರ್ಯ.

ವಿಚಾರ ಮಾಡುವುದೆಂದರೆ ಎದುರಾಳಿಯ ಅಂಜಿಕೆಯನ್ನೂ ಕಿವಿಗೊಟ್ಟು ಕೇಳುವುದು. ಹಿಂದುಳಿದ ಸೀಮೆಗಳು ಸೇರಿದರೆ ಭಾರವೆಲ್ಲ ತಮ್ಮ ಮೇಲೆ ಬೀಳುವುದೆಂದು ಹಳೆಯ ಮೈಸೂರಿನ ಹಲವರು ಅಳುಕಿದ್ದರು. ಆಯೋಗ ಆ ಅಳುಕನ್ನು ತಳ್ಳಿಹಾಕದೆ ವರದಿಯಲ್ಲಿಯೇ ಪರಿಶೀಲಿಸಿತು. ಬಳಿಕ ಏಕೀಕರಣವನ್ನು ಶಿಫಾರಸು ಮಾಡಿತು. ಹಾಗೆಂದು ಆಯೋಗದ ಮಾತೇ ವೇದವಾಗಲಿಲ್ಲ. ತುಂಗಭದ್ರಾ ಯೋಜನೆಯ ಕಾರಣ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಅದು ಹೇಳಿತ್ತು. ಅದಕ್ಕೆ ಮುನ್ನ, 1953ರಲ್ಲಿಯೇ, ಮಿಶ್ರಾ ಅವರು ವಿಚಾರಣೆ ನಡೆಸಿ ಬಳ್ಳಾರಿ ತಾಲ್ಲೂಕು ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಿದ್ದರು. ಆಯೋಗದ ವರದಿ ಶಾಸನಸಭೆಗಳಲ್ಲಿಯೂ ಸಂಸತ್ತಿನಲ್ಲಿಯೂ ಚರ್ಚೆಗೆ ಒಳಗಾಯಿತು. ಕೊನೆಗೆ 1956ರ ಶಾಸನದಲ್ಲಿ ಆ ತಾಲ್ಲೂಕುಗಳು ಮೈಸೂರಿನಲ್ಲಿಯೇ ಉಳಿದವು. ಪಂಡಿತರ ತೀರ್ಪನ್ನೂ ಪ್ರಜೆಗಳು ಮರುತೂಕಕ್ಕೆ ಇಡಬಹುದು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡಲು ಕಾರಣಗಳು ಬೇಕು.

ಓದುಬರಹ ಬಾರದವರಿಗೆ ಇದೆಲ್ಲ ಸಾಧ್ಯವೆ ಎಂದು ಕೇಳುವವರುಂಟು. ನಮ್ಮ ರೈತ ಸಂತೆಯಲ್ಲಿ ಎತ್ತು ಕೊಳ್ಳುವುದನ್ನು ನೋಡಿ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ಜೊತೆಗಾರನನ್ನು ಕೇಳುತ್ತಾನೆ. ಮಾರುವವನ ಹೊಗಳಿಕೆಯನ್ನು ಮಾತ್ರ ನಂಬುವುದಿಲ್ಲ. ವಿಚಾರಶಕ್ತಿ ಕಾಲೇಜಿನ ಸೊತ್ತಲ್ಲ. ಎತ್ತಿಗೆ ತೋರಿಸುವ ಆ ಎಚ್ಚರವನ್ನು ಓದಿದವರೂ ಓದದವರೂ ಮತಕ್ಕೆ ತೋರಿಸುವುದಿಲ್ಲ ಎಂಬುದಷ್ಟೇ ನಮ್ಮ ಕೊರತೆ. ಜಾತಿ ಕರೆದರೆ, ಹಣ ಕರೆದರೆ, ಕೋಲೆಬಸವನಂತೆ ತಲೆಯಾಡಿಸಿ ಬರುತ್ತೇವೆ.

ವಿಚಾರಕ್ಕೆ ಇಂದು ದಿಲ್ಲಿಯ ಆಯೋಗವೇ ಬರಬೇಕಾಗಿಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಶಾಸನ ಊರಿನ ಮತದಾರರೆಲ್ಲರ ಗ್ರಾಮಸಭೆಗೆ ಸ್ಥಾನ ಕೊಟ್ಟಿದೆ. ಹಳೆಯ ದೈವ ಹೊರಗಿಟ್ಟಿದ್ದವರೆಲ್ಲರೂ ಅಲ್ಲಿ ಹಕ್ಕಿನಿಂದ ಕೂಡಬಹುದು. ಆದರೆ ಮನೆ ಯಾರಿಗೆ, ನೀರಿನ ಕೊಳವೆ ಯಾವ ಓಣಿಗೆ ಎಂಬ ಪ್ರಶ್ನೆಗಳು ಬಂದಾಗ ಪುಸ್ತಕಕ್ಕೆ ಸಹಿ ಹಾಕಿ ಎದ್ದುಹೋದರೆ, ನಾವು ಮೌನವಾಗಿ ಒಪ್ಪಿದ್ದೇ ಠರಾವಾಗುತ್ತದೆ. ಪಟ್ಟಿಯನ್ನು ಗಟ್ಟಿಯಾಗಿ ಓದಿಸಬೇಕು. ಇವರ ಹೆಸರು ಏಕಿದೆ, ಅವರ ಹೆಸರು ಏಕಿಲ್ಲ ಎಂದು ಕೇಳಬೇಕು. ಉತ್ತರ ಮುಗಿಯುವವರೆಗೆ ಕುಳಿತಿರಬೇಕು. ತನ್ನ ಓಣಿಗಿಂತ ಪಕ್ಕದ ಓಣಿಯ ಬಾಯಾರಿಕೆ ಹೆಚ್ಚೆಂದು ತಿಳಿದಾಗ ಕೈಯೆತ್ತಿ ಹಾಗೆಂದು ಹೇಳುವ ಮನಸ್ಸೂ ಬೇಕು. ಅಂಥವರು ಹತ್ತು ಮಂದಿ ಕುಳಿತ ಸಭೆಯನ್ನು 'ದೈವ' ಎಂದು ಕರೆಯಲು ನನಗೆ ಯಾವ ಸಂಕೋಚವೂ ಇಲ್ಲ.