ಹಿರಿಯರ ಪಾಲನೆ: ಕಾನೂನು ನಡೆದು ಬಂದ ದಾರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೋಟವಿದ್ದವರಿಗೆ ತೆಂಗೇ ಮುಪ್ಪಿನ ಪಿಂಚಣಿ. ಅಟ್ಟದ ಕೊಬ್ಬರಿ ಮಾರಿದ ಹಣದಲ್ಲಿ ಅಜ್ಜ-ಅಜ್ಜಿಯರ ಔಷಧಿ, ಬಟ್ಟೆಬರೆ ನಡೆಯುತ್ತದೆ. ಆದರೆ ತೋಟವೇ ಇಲ್ಲದ ಕೂಲಿಕಾರರಿಗೆ, ಇದ್ದ ತೋಟವನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟವರಿಗೆ ಆಧಾರವೇನು? ಇದಕ್ಕೆ ಸರ್ಕಾರ ಎರಡು ದಾರಿ ಹಿಡಿದಿದೆ: ಒಂದು ಮಾಸಾಶನ, ಇನ್ನೊಂದು ಮಕ್ಕಳ ಮೇಲೆ ಹೊಣೆ ಹೊರಿಸುವ ಕಾನೂನು.

ಮಾಸಾಶನದ ಮೊತ್ತ ಎಂದೂ ದೊಡ್ಡದಾಗಿರಲಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರದ ವೃದ್ಧಾಪ್ಯ ವೇತನ ತಿಂಗಳಿಗೆ 75 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂದಾಗ 65 ದಾಟಿದ ಬಡವರಿಗೆ ಸಿಕ್ಕಿದ್ದು 400 ರೂಪಾಯಿ, ಈಗ 1,200.

ಕಾನೂನಿನ ಕಥೆ ಇನ್ನೂ ಹಳೆಯದು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶದ ಹಕ್ಕು ಹೆಂಡತಿ, ಮಕ್ಕಳಿಗೆ ಮಾತ್ರವಿತ್ತು. 1973ರ ಸಂಹಿತೆಯ 125ನೇ ಕಲಮು ತಂದೆ-ತಾಯಿಯರನ್ನೂ ಸೇರಿಸಿತು. ಆದರೆ ಅದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು. ಈ ಕಷ್ಟ ತಗ್ಗಿಸಲು 2007ರಲ್ಲಿ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ ಬಂತು. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅರ್ಜಿ ಕೇಳುವುದು ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ. ನಮ್ಮ ಮೂರು ತಾಲ್ಲೂಕುಗಳಿಗೂ ಉಪವಿಭಾಗದ ಕೇಂದ್ರ ತಿಪಟೂರೇ. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು.

ಈ ಕಾಯ್ದೆಯ 23ನೇ ಕಲಮು ತೋಟದ ಸೀಮೆಯವರಾದ ನಮಗೆ ಬಹಳ ಮುಖ್ಯ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ಮಾತಿಗೆ ತಪ್ಪಿದರೆ ಆ ದಾನಪತ್ರವನ್ನು ರದ್ದುಪಡಿಸಬಹುದು. ಆದರೆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ, ತಾಯಿಯನ್ನು ನೋಡಿಕೊಳ್ಳುತ್ತೇನೆಂದು ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ಮಾತನ್ನು ಒಪ್ಪಿ, ದಾನಪತ್ರವನ್ನು ರದ್ದುಗೊಳಿಸಿತು. ಎರಡರ ಪಾಠ ಒಂದೇ: ಬಾಯಿಮಾತು ಸಾಲದು, ಬರಹ ಬೇಕು. ನಮ್ಮಲ್ಲಿ ಬಾಯಿಮಾತಿನ ಹಿಬಾ ಸಿಂಧುವೇ ಆದರೂ, ಷರತ್ತಿಗೆ ಸಾಕ್ಷಿ ಎಲ್ಲಿಂದ ತರುವುದು? ತಿಳಿದ ವಕೀಲರನ್ನು ಮೊದಲೇ ಕೇಳುವುದು ಕ್ಷೇಮ.

ವಿದ್ಯಾರ್ಥಿಗಳೇ, ನಿಮ್ಮ ದಾದಿ, ನಾನಿಯರಲ್ಲಿ ಅನೇಕರು ಉರ್ದು ಮಾತ್ರ ಓದಬಲ್ಲರು. ಕೆಲವರಿಗೆ ಅದೂ ಬಾರದು. ಪತ್ರಗಳಿರುವುದು ಕನ್ನಡದಲ್ಲಿ. ಅವರು ಹೆಬ್ಬೆಟ್ಟು ಒತ್ತುವ ಮುನ್ನ ಆ ಕಾಗದವನ್ನು ಪೂರ್ತಿ ಓದಿ, ಅವರ ಭಾಷೆಯಲ್ಲಿ ತಿಳಿಸಿ. ನೀವು ಕಲಿತ ಎರಡು ಭಾಷೆಗಳ ಮೊದಲ ಸಾಲ ತೀರುವುದು ಅಲ್ಲಿಯೇ.