ಗಂಡು ಉಳಿಯದ ಸಂತತಿ: ಆಫ್ರಿಕನ್ ಮೊನಾರ್ಕ್ ಚಿಟ್ಟೆಯ ವರ್ಗೀಕರಣದ ಕಗ್ಗಂಟು

ಆಫ್ರಿಕಾದ ಸವನ್ನಾ ಹುಲ್ಲುಗಾವಲು, ಹೊಲದ ಬದು ಹಾಗೂ ಬಂಜರು ನೆಲಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಕಿತ್ತಳೆ ಬಣ್ಣದ ಚಿಟ್ಟೆಯೊಂದು ವರ್ಗೀಕರಣ ತಜ್ಞರನ್ನು ಬಹುಕಾಲದಿಂದ ಕಾಡಿದೆ. ಅಲ್ಲಿ 'ಆಫ್ರಿಕನ್ ಮೊನಾರ್ಕ್' ಎನಿಸಿಕೊಂಡಿರುವ ಇದರ ವೈಜ್ಞಾನಿಕ ಹೆಸರು ಡಾನಸ್ ಕ್ರಿಸಿಪಸ್. ಕರ್ನಾಟಕದಲ್ಲಿ ಎಕ್ಕದ ಗಿಡಗಳ ಸುತ್ತ ಹಾರಾಡುವ 'ಪ್ಲೇನ್ ಟೈಗರ್' ಕೂಡ ಇದೇ ಪ್ರಭೇದ.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಇದಕ್ಕೆ ಹೆಸರಿಟ್ಟ. ನಿಂಫಾಲಿಡೇ ಕುಟುಂಬದ ಡಾನೈನೇ ಉಪಕುಟುಂಬಕ್ಕೆ ಸೇರಿದ ಇದು, ದೀರ್ಘ ವಲಸೆಗೆ ಹೆಸರಾದ ಅಮೆರಿಕದ ಮೊನಾರ್ಕ್‌ನ ಹತ್ತಿರದ ಸಂಬಂಧಿ. ಮನುಷ್ಯನಿಗೆ ಇದರ ಪರಿಚಯವಂತೂ ಬಹಳ ಹಳೆಯದು. ಸುಮಾರು 3,350 ವರ್ಷಗಳ ಹಿಂದಿನ ಈಜಿಪ್ಟಿನ ನೆಬಾಮುನ್ ಸಮಾಧಿಯ ಬೇಟೆಯ ಚಿತ್ರದಲ್ಲಿ ಇದನ್ನು ಇಂದಿಗೂ ಗುರುತಿಸಬಹುದು.

ಆಫ್ರಿಕಾದಲ್ಲಿ ದಟ್ಟ ಮಳೆಕಾಡು ಮತ್ತು ಮರುಭೂಮಿಯ ಒಡಲನ್ನು ಬಿಟ್ಟರೆ ಇದು ಇಲ್ಲದ ಸ್ಥಳ ಕಡಿಮೆ. ಕೆನರಿ ದ್ವೀಪಗಳು, ಮೆಡಿಟರೇನಿಯನ್ ತೀರ, ಅರೇಬಿಯಾ ಹಾಗೂ ದಕ್ಷಿಣ ಏಷ್ಯಾಗಳಲ್ಲಿಯೂ ಇದರ ನೆಲೆಗಳಿವೆ. ಮರಿಹುಳುಗಳು ಎಕ್ಕ ಮತ್ತು ಅದರ ಬಳಗದ ಹಾಲುಸೂಸುವ ಗಿಡಗಳನ್ನು ಮೇಯುತ್ತವೆ. ಆ ಗಿಡಗಳ ವಿಷ ದೇಹದಲ್ಲಿ ಸೇರುವುದರಿಂದ ಹಕ್ಕಿಗಳು ಚಿಟ್ಟೆಯ ಗೊಡವೆಗೆ ಹೋಗುವುದು ವಿರಳ. ಇದೇ ವೇಷ ತೊಟ್ಟು ಬದುಕುವ ಚಿಟ್ಟೆಗಳೂ ಉಂಟು. ಹೈಪೋಲಿಮ್ನಾಸ್ ಮಿಸಿಪಸ್‌ನ ಹೆಣ್ಣು ಅದಕ್ಕೆ ಉತ್ತಮ ನಿದರ್ಶನ.

ತೊಡಕು ಇರುವುದು ರೆಕ್ಕೆಯ ಬಣ್ಣದಲ್ಲಿ. ಕ್ರಿಸಿಪಸ್ ರೂಪದಲ್ಲಿ ಮುಂರೆಕ್ಕೆಯ ತುದಿ ಕಪ್ಪಾಗಿದ್ದು, ಅದರ ಮೇಲೆ ಬಿಳಿಯ ಪಟ್ಟಿಯಿದೆ. ಪಶ್ಚಿಮ ಆಫ್ರಿಕಾದ ಅಲ್ಸಿಪಸ್ ರೂಪದ ಹಿಂರೆಕ್ಕೆ ಬಿಳಿ. ಪೂರ್ವ ಆಫ್ರಿಕಾದ ಡೋರಿಪಸ್‌ನಲ್ಲಿ ಕಪ್ಪು ತುದಿಯೇ ಇಲ್ಲ. 1845ರಲ್ಲಿ ಕ್ಲುಗ್ ಈ ರೂಪವನ್ನು ವಿವರಿಸಿದ್ದ. ಮುಂದೆ ಕೆಲವು ತಜ್ಞರು ಇದನ್ನು ಪ್ರತ್ಯೇಕ ಪ್ರಭೇದವೆಂದೂ ವಾದಿಸಿದರು. ಆದರೆ ಈ ರೂಪಗಳು ಪರಸ್ಪರ ಕೂಡಿ ಸಂತಾನ ಪಡೆಯುತ್ತವೆ. ಹೀಗಿದ್ದೂ ಅವು ಬೆರೆತು ಒಂದಾಗದಿರಲು ಕಾರಣವೇನು?

ಉತ್ತರದ ಒಂದು ಪಾಲು ಸ್ಪೈರೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದಲ್ಲಿದೆ. ಈ ಚಿಟ್ಟೆಯಲ್ಲಿ ಅದರ ಇರವು 2000ದಲ್ಲಿ ವರದಿಯಾಯಿತು. ತಾಯಿಯಿಂದ ಮೊಟ್ಟೆಗೆ ದಾಟುವ ಇದು ಗಂಡು ಭ್ರೂಣಗಳನ್ನು ಕೊಂದು ಹೆಣ್ಣನ್ನಷ್ಟೇ ಉಳಿಸುತ್ತದೆ. ಹಲವು ರೂಪಗಳು ಸಂಧಿಸುವ ಕೆನ್ಯಾದ ನೈರೋಬಿ ಸುತ್ತಮುತ್ತ ಹೆಣ್ಣು ಚಿಟ್ಟೆಗಳೇ ಅಧಿಕ. ಅವು ಬೇರೆಡೆಯಿಂದ ಬರುವ ಗಂಡುಗಳನ್ನು ನೆಚ್ಚಿಕೊಂಡಿವೆ.

2020ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇನ್ನೂ ಆಳಕ್ಕಿಳಿಯಿತು. ಸೋಂಕು ತಗುಲಿದ ಹೆಣ್ಣುಗಳಲ್ಲಿ, ಬಣ್ಣ ನಿರ್ಧರಿಸುವ ವರ್ಣತಂತುವಿನ ಒಂದು ಪ್ರತಿ ಹೆಣ್ಣಿನ ಲಿಂಗ ವರ್ಣತಂತುವಿಗೆ ಬೆಸೆದುಕೊಂಡಿದೆ. ಬೆಸೆದ ಆ ಪ್ರತಿ ತಾಯಿಯಿಂದ ಮಗಳಿಗೇ ಸಾಗುತ್ತದೆ. ಹೊರಗಿನಿಂದ ಬಂದ ತಂದೆಯ ಪ್ರತಿ ಮಗಳಲ್ಲಿ ಬಣ್ಣವಾಗಿ ಮೂಡಿದರೂ, ಮುಂದಿನ ಪೀಳಿಗೆಯಲ್ಲಿ ಅದು ಗಂಡು ಸಂತಾನದ ಪಾಲಾಗುತ್ತದೆ. ಆ ಗಂಡು ಉಳಿಯುವುದಿಲ್ಲ. ಹೀಗೆ ವಲಸೆ ಬಂದ ಬಣ್ಣ ಒಂದೇ ತಲೆಮಾರಿಗೆ ಅಳಿಯುವುದರಿಂದ ರೂಪಗಳ ಗಡಿ ಮಸುಕಾಗದೆ ಉಳಿಯಲು ನೆರವಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಬಣ್ಣಕ್ಕೆ ಸಂಬಂಧಿಸಿದ ಭಾಗದ ಹೊರತು ಉಳಿದ ವಂಶವಾಹಿ ರಾಶಿಯಲ್ಲಿ ಈ ರೂಪಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಂಡುಬಂದಿಲ್ಲ. ಡೋರಿಪಸ್‌ ಬೇರೆ ಪ್ರಭೇದವೆಂಬ ವಾದಕ್ಕೆ ಇದು ಪೆಟ್ಟು ಕೊಟ್ಟಿದೆ. ಹಿಂದೆ ಇದರ ಉಪಪ್ರಭೇದವೆನಿಸಿದ್ದ ಆಸ್ಟ್ರೇಲಿಯಾದ ಚಿಟ್ಟೆ ಮಾತ್ರ ಈಗ ಡಾನಸ್ ಪೆಟಿಲಿಯಾ ಎಂಬ ಸ್ವತಂತ್ರ ಪ್ರಭೇದವಾಗಿ ಪಟ್ಟಿಗಳಲ್ಲಿ ಸೇರಿದೆ.